ಹುಳದ ಮನೆಯ ಪಕ್ಕದಲ್ಲಿ ಬೇಯಿಸಿದ ಮೀನು

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಊರಿನಲ್ಲಿ ಆ ಹೆಸರಿಗೆ ಆಗಿರುವ ಅವಮಾನವೇ ಸಾಕು. ಜನ ಅವರನ್ನು ರೇಷ್ಮೆ ಮೇಷ್ಟ್ರು ಅನ್ನುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳುವವರಲ್ಲ, ರೇಷ್ಮೆ ಇಲಾಖೆಯವರು. ಕೊಳ್ಳೇಗಾಲದಿಂದ ಹನೂರಿನವರೆಗೆ ಸೈಕಲ್ಲಿನಲ್ಲಿ ಊರೂರು ಸುತ್ತಿ, ಹುಳ ಸಾಕುವವರ ಮನೆಯೊಳಗೆ ಹೋಗಿ, ಹುಳ ಹರಡಿದ ತಟ್ಟೆ ನೋಡಿ, ಸೊಪ್ಪು ನೋಡಿ, ಹೀಗಲ್ಲ ಹಾಗೆ ಎಂದು ತಿಳಿಸಿ ಬರುವುದು ಅವರ ಕೆಲಸ. ನಮ್ಮ ಊರು ಕಾಮಗೆರೆಗೆ ಒಂದೂವರೆ ಮೈಲಿ. ಅವರ ಸುತ್ತಾಟಕ್ಕೆ ಅದು ನಡುಮಧ್ಯ. ಹಾಗಾಗಿ ನಮ್ಮ ಹಿತ್ತಿಲಿನ ಕೋಣೆಯನ್ನು ಬಾಡಿಗೆಗೆ ಹಿಡಿದರು.

ಅವರು ಕಡಲ ಕಡೆಯವರು, ದಕ್ಷಿಣ ಕೆನರಾ ಜಿಲ್ಲೆಯವರು. ಆ ಜಿಲ್ಲೆಯೂ ನಮ್ಮ ತಾಲ್ಲೂಕೂ ಮೊದಲು ಮದರಾಸಿಗೆ ಸೇರಿದ್ದವು. ಐವತ್ತಾರರಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಬಂದವು. ಮದರಾಸಿನ ಕಾಲದಲ್ಲೇ ನಮ್ಮ ಕಡೆಗೆ ಬಂದಿದ್ದ ಅವರು ರಾಜ್ಯ ಬದಲಾದ ಮೇಲೂ ಇಲ್ಲೇ ಉಳಿದುಕೊಂಡರು. ಸಾಮಾನು ಇಳಿಸುವ ದಿನ ಗಾಡಿಯಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಮತ್ತೆ ಮೂರು ಕಾಲಿನ, ಮರದ ಹಿಡಿಯ, ಇಬ್ಬರು ಎತ್ತಬೇಕಾದ ಒಂದು ವಸ್ತು. ನಮ್ಮಪ್ಪ ಅದರ ಸುತ್ತ ಒಂದು ಸುತ್ತು ಬಂದರು.

"ಇದೇನ್ ಸಾ, ನೂಲು ತೆಗೆಯೋ ಮಿಸಿನ್ನಾ?"

"ಅಲ್ಲ ಗೌಡ್ರೇ, ಶಾವಿಗೆ ಒತ್ತುವ ಒರಳು. ಹೆಂಡತಿ ಬರ್ಲಿಕ್ಕೆ ಒಪ್ಪಲಿಲ್ಲ, ಇದು ಒಪ್ಪಿತು."

ನಮ್ಮಪ್ಪ ನಗುವವರಲ್ಲ. ಅವತ್ತು ನಕ್ಕರು. ಮೇಷ್ಟ್ರ ಹೆಂಡತಿ ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಿಕೊಂಡು ಊರಲ್ಲೇ ಇದ್ದರು. ಇವರು ಒಬ್ಬರೇ ಅಡುಗೆ ಮಾಡಿಕೊಂಡು ಉಣ್ಣುತ್ತಿದ್ದರು.

ಅವರ ಮಾತು ನಮ್ಮವರಿಗೆ ತಮಾಷೆ. 'ಉಂಟು', 'ಎಂತ', 'ಮಾರಾಯ' ಎಂದು ಅವರು ಒಂದೊಂದು ಅಕ್ಷರವನ್ನೂ ಪೂರ್ತಿ ಉಚ್ಚರಿಸುತ್ತಿದ್ದರು. ನಾವು ಅರ್ಧ ನುಂಗುವವರು. ಅವರು ಕಾಣದಿರುವಾಗ ಹೆಂಗಸರು ಆ ಮಾತನ್ನು ಆಡಿ ತೋರಿಸಿ ನಗುವುದು ಅವರಿಗೂ ಗೊತ್ತಿತ್ತು. ಒಂದು ಸಲ ನಮ್ಮವ್ವ ಹಾಗೆ ಆಡಿ ತೋರಿಸುತ್ತಿದ್ದಾಗ ಅವರು ಹಿಂದೆಯೇ ನಿಂತಿದ್ದರು. "ಕಡೆಯ ಅಕ್ಷರ ಇನ್ನೂ ಸ್ವಲ್ಪ ಎಳೀಬೇಕು ಅಮ್ಮ," ಅಂದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಅಂದಿನಿಂದ ಅವರಿಗೆ ನಮ್ಮ ಮನೆಯ ಮಜ್ಜಿಗೆ ತಪ್ಪಲಿಲ್ಲ.

ಕೆಲಸದಲ್ಲಿ ಮಾತ್ರ ಅವರು ಬೇರೆ ಮನುಷ್ಯ. ಹುಳದ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಮೊಣಕೈವರೆಗೆ ತೊಳೆದುಕೊಂಡು, ಒರೆಸಿಕೊಳ್ಳದೆ ಗಾಳಿಗೆ ಕೈ ಆರಿಸಿಕೊಳ್ಳುತ್ತಾ ನಿಂತಿರುತ್ತಿದ್ದರು. ಮನೆಯ ಯಜಮಾನ "ಬನ್ನಿ ಸಾ, ಪರವಾಗಿಲ್ಲ" ಎಂದು ಎಷ್ಟು ಕರೆದರೂ ಕೈ ಆರುವವರೆಗೆ ಒಳಗೆ ಕಾಲಿಡುತ್ತಿರಲಿಲ್ಲ. ಬೈದು ಕಲಿಸಿದ್ದನ್ನು ನಾನು ನೋಡಲಿಲ್ಲ. ಹುಳ ಕೆಟ್ಟ ಮನೆಗೆ ಹೋದರೆ ಮೊದಲು ಒಂದು ಲೋಟ ನೀರು ಕೇಳಿ ಕುಡಿದು, ಆಮೇಲೆ ವಿಚಾರಿಸುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದ್ದೆ. ಹಾಳಾದ ಮನೆಯಲ್ಲಿ ಸರ್ಕಾರದವನು ನೀರು ಕುಡಿದರೆ ಮನೆಯವರಿಗೆ ಅಷ್ಟು ನಾಚಿಕೆ ಆಗುವುದಿಲ್ಲ ಅಂದರು.

ಹುಳ ಮನೆಯಲ್ಲಿರುವ ಇಪ್ಪತ್ತಾರು ಇಪ್ಪತ್ತೇಳು ದಿನ ನಮ್ಮ ಕಡೆ ಒಂದು ಕಟ್ಟುನಿಟ್ಟು ಇತ್ತು. ಮೀನಿಲ್ಲ, ಮಾಂಸವಿಲ್ಲ, ಒಣಮೆಣಸಿನಕಾಯಿ ಹುರಿಯುವಂತಿಲ್ಲ, ಬೀಡಿ ಸೇದಿದವರು ಬಾಗಿಲು ದಾಟುವಂತಿಲ್ಲ. ಅದರಲ್ಲೂ ಮೀನು. ಮೀನಿನ ವಾಸನೆ ಬಿದ್ದರೆ ಹಣ್ಣಾಗಿ ಗೂಡಿಗೆ ಸಿದ್ಧವಾದ ಹುಳವೂ ಗೂಡು ಕಟ್ಟದೆ ಸಾಯುತ್ತದೆ ಎಂದು ಎಲ್ಲರ ನಂಬಿಕೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಹತ್ತೊಂಬತ್ತರ ಹುಡುಗ. ಓದಿದವನೆಂಬ ಜಂಬ ಇತ್ತು. ಇದೆಲ್ಲ ಮೂಢನಂಬಿಕೆ ಅಲ್ಲವೇ ಸಾ ಎಂದು ಅವರನ್ನು ಕೇಳಿದೆ. ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ಹೊಗೆ ಆಗುದಿಲ್ಲ, ಬೀಡಿ ಆಗುದಿಲ್ಲ, ಅದು ನನಗೆ ಗೊತ್ತುಂಟು. ಮೀನಿನ ವಾಸನೆಗೆ ಹುಳ ಸಾಯ್ತದಾ ಇಲ್ಲವಾ, ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಮಾಡಿ ನೋಡ್ಲಿಕ್ಕೆ ಇನ್ನೊಬ್ಬರ ಮನೆ ಜಾಗ ಅಲ್ಲ."

ಆ ಮಾತು ಆಡಿದವರನ್ನೇ ಹಾಗೆ ಮಾಡಿ ನೋಡುವಂತೆ ಒತ್ತಾಯಿಸಿದವನು ನಾನು. ಅಲ್ಲಿಂದ ನನ್ನ ತಪ್ಪು ಶುರು.

ರಾಜ್ಯ ಒಂದಾಗಿ ಐದಾರು ವರ್ಷ ಆಗಿರಬಹುದು. ಹುಳ ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು, ಕೊನೆಯ ಸಲದ ಸೊಪ್ಪನ್ನು ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತಿದ್ದ ದಿನಗಳು. ಇನ್ನೆರಡು ದಿನಕ್ಕೆ ಹಣ್ಣಾಗಬೇಕು. ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ತರಲು ಅಪ್ಪ ಹನೂರಿಗೆ ಹೋಗಿದ್ದರು. ಮಾರನೆಯ ದಿನ ಬರುವವರು. ನಾನು ಬೆಳಿಗ್ಗೆ ಏನೋ ಕೆಲಸಕ್ಕೆ ಕೊಳ್ಳೇಗಾಲಕ್ಕೆ ಹೋದವನು ಸಂತೆಬೀದಿಯಲ್ಲಿ ಹೊಳೆಯ ಗೆಂಡೆ ಮೀನು ಕಂಡೆ. ಮೂರು ವಾರದಿಂದ ಬರೀ ಸೊಪ್ಪಿನ ಸಾರು ಉಂಡ ನಾಲಗೆ. ಎರಡು ಮೀನು ಕೊಂಡು, ಮುತ್ತುಗದೆಲೆಯಲ್ಲಿ ಸುತ್ತಿ, ಚೀಲದ ತಳದಲ್ಲಿಟ್ಟು, ಅವ್ವನ ಕಣ್ಣು ತಪ್ಪಿಸಿ ಹಿತ್ತಿಲ ಕೋಣೆಗೆ ತಂದೆ.

ಮೇಷ್ಟ್ರು ಎಲೆ ಬಿಚ್ಚಿ ನೋಡಿ ಮತ್ತೆ ಮುಚ್ಚಿದರು. ಆಗುವುದಿಲ್ಲ ಅಂದರು. ನಾನು ಬಿಡಲಿಲ್ಲ. ಹುಳದ ಮನೆ ಅಂಗಳದ ಆ ಬದಿಗೆ, ಗಾಳಿ ಈ ಕಡೆ ಬೀಸುತ್ತಿದೆ, ಅಪ್ಪ ಊರಲ್ಲಿಲ್ಲ ಎಂದೆಲ್ಲ ಹೇಳಿದೆ. ಕೊನೆಗೆ, ಕಡಲ ಕಡೆಯವರು ಮೀನು ಬಿಸಾಡುತ್ತಾರಾ ಎಂದು ಚುಚ್ಚಿದೆ. ಅವರು ಊರಿಗೆ ಹೋಗಿ ಎಂಟು ತಿಂಗಳಾಗಿತ್ತು. ಎಲೆಯ ಕಡೆ ಇನ್ನೊಮ್ಮೆ ನೋಡಿದರು.

"ಎಣ್ಣೆ ಇಲ್ಲ, ಹುರಿಯುದಿಲ್ಲ, ಒಗ್ಗರಣೆ ಇಲ್ಲ. ಬಾಯಿ ಮುಚ್ಚಿದ ಪಾತ್ರೆಯಲ್ಲಿ ಬೇಯಿಸುದು. ಹೊಟ್ಟೆಗೂ ಹಗುರ, ಗಾಳಿಗೂ ಹಗುರ. ಆಗಬಹುದಾ?"

ಆಗಬಹುದು ಅಂದೆ. ಶಾವಿಗೆಗೆಂದು ಅವರು ಬೆಳಿಗ್ಗೆಯೇ ಅಕ್ಕಿ ನೆನೆ ಹಾಕಿದ್ದರು. ಸಂಜೆ ಸೊಪ್ಪು ಹಾಕಿ ಮುಗಿಸಿ ಬಾ, ಒರಳು ಒತ್ತಲು ಇನ್ನೊಂದು ಕೈ ಬೇಕು ಅಂದರು.

ಮಧ್ಯಾಹ್ನ ಒಂದು ಮಳೆ ಬಿತ್ತು. ಕುಯ್ದು ತಂದ ಹಿಪ್ಪುನೇರಳೆ ಸೊಪ್ಪೆಲ್ಲ ಒದ್ದೆ. ಒದ್ದೆ ಸೊಪ್ಪು ಹುಳಕ್ಕೆ ಆಗದು. ಒಣಬಟ್ಟೆಯ ಮೇಲೆ ಹರಡಿ, ತಿರುವಿ, ಕೊಡವಿ, ನೀರು ಪೂರ್ತಿ ಆರಿದ ಮೇಲೆ ಹಾಕಬೇಕು. ಅದಕ್ಕೆ ಎರಡು ಗಂಟೆಯಾದರೂ ಬೇಕು. ನನ್ನ ಮನಸ್ಸೆಲ್ಲ ಹಿತ್ತಿಲ ಕೋಣೆಯಲ್ಲಿತ್ತು. ಜಗುಲಿಯಲ್ಲಿ ಹರಡಿದ್ದು ಸಾಲಲಿಲ್ಲ. ಮಿಕ್ಕಿದ್ದನ್ನು ನನ್ನ ಮಂಚದ ಕಂಬಳಿಯ ಮೇಲೆ ಸುರಿದು, ಅದೇ ಕಂಬಳಿಯಿಂದ ಉಜ್ಜಿ ಉಜ್ಜಿ ನೀರು ತೆಗೆದೆ. ಬೇಗ ಆರಿತು. ಆರು ಗಂಟೆಗೆ ತಟ್ಟೆಗಳಿಗೆ ಹಾಕಿ ಕೈ ತೊಳೆದುಕೊಂಡೆ.

ಆ ಮಂಚದಲ್ಲಿ ತಿಗಣೆ. ಒಂದು ವಾರದ ಹಿಂದೆ ಮಲೇರಿಯಾದವರು ಊರಿಗೆ ಬಂದು ಗೋಡೆಗಳಿಗೆ ಡಿಡಿಟಿ ಹೊಡೆದಿದ್ದರು. ಹುಳ ಸಾಕುವ ಮನೆಗಳಿಗೆ ಹೊಡೆಯಬಾರದೆಂದು ಅವರನ್ನು ಬಾಗಿಲಲ್ಲೇ ನಿಲ್ಲಿಸಿದವರು ಇದೇ ಮೇಷ್ಟ್ರು. ಮೇಷ್ಟ್ರಿಗೂ ತಿಳಿಯದ ಹಾಗೆ, ಮಲೇರಿಯಾದವರಿಗೂ ತಿಳಿಯದ ಹಾಗೆ, ಆ ಡಿಡಿಟಿ ಚೀಲದಿಂದ ನಾನು ಒಂದು ಡಬ್ಬಿ ಪುಡಿ ತೆಗೆದಿಟ್ಟುಕೊಂಡಿದ್ದೆ. ಹಿಂದಿನ ದಿನ ಅದನ್ನು ಮಂಚದ ಸಂದಿಗೂ ಕಂಬಳಿಗೂ ಧಾರಾಳವಾಗಿ ಉದುರಿಸಿದ್ದೆ. ಸೊಪ್ಪು ಹರಡುವಾಗ ಅದು ನನಗೆ ನೆನಪಾಗಲಿಲ್ಲ. ಸುಳ್ಳಲ್ಲ, ನಿಜವಾಗಿ ನೆನಪಾಗಲಿಲ್ಲ. ನನ್ನ ಪರವಾಗಿ ಹೇಳಿಕೊಳ್ಳಲು ನನಗಿರುವುದು ಇದೊಂದೇ.

ದೀಪ ಹಚ್ಚುವ ಹೊತ್ತಿಗೆ ಹಿತ್ತಿಲ ಕೋಣೆಗೆ ಹೋದೆ. ಮೀನನ್ನು ಬೂದಿಯಲ್ಲಿ ಉಜ್ಜಿ, ಹುಣಸೆ ನೀರಿನಲ್ಲಿ ಎರಡು ಸಲ ತೊಳೆದು, ಅರಿಶಿನ ಉಪ್ಪು ಸವರಿ ಇಟ್ಟಿದ್ದರು. ಹೊಳೆ ಮೀನಿಗೆ ಕೆಸರಿನ ವಾಸನೆ, ಅದನ್ನು ಹೋಗಿಸಿದರೆ ಅರ್ಧ ಅಡುಗೆ ಆದ ಹಾಗೆ ಅಂದರು. ಪಾತ್ರೆಯಲ್ಲಿ ತೆಂಗಿನಕಾಯಿಯ ಎರಡನೆಯ ಹಾಲು, ಸೀಳಿದ ಹಸಿಮೆಣಸಿನಕಾಯಿ, ಜಜ್ಜಿದ ಶುಂಠಿ, ಸ್ವಲ್ಪ ಹುಣಸೆ ರಸ. ಅದು ಕಾದ ಮೇಲೆ ಮೀನಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ, ತಟ್ಟೆ ಮುಚ್ಚಿ, ಮುಚ್ಚಳದ ಸುತ್ತ ಒದ್ದೆ ಬಟ್ಟೆ ಸುತ್ತಿದರು. ಇಳಿಸುವ ಮುಂಚೆ ಮೊದಲ ಹಾಲು. ಸೌಟು ಹಾಕಲಿಲ್ಲ, ಪಾತ್ರೆಯನ್ನೇ ಎರಡು ಕೈಯಲ್ಲಿ ಹಿಡಿದು ಒಂದು ಸುತ್ತು ಅಲ್ಲಾಡಿಸಿದರು.

ಅಕ್ಕಿಹಿಟ್ಟಿನ ಉಂಡೆ ಹಬೆಯಲ್ಲಿ ಬೆಂದಿತ್ತು. ಅವರು ಬಿಸಿಬಿಸಿ ಉಂಡೆ ಒರಳಿಗೆ ಹಾಕುವುದು, ನಾನು ಹಿಡಿಯ ಮೇಲೆ ಭಾರ ಬಿಟ್ಟು ಒತ್ತುವುದು. ನಿಧಾನ ಮಾಡಿದರೆ ಉಂಡೆ ತಣಿದು ಗಟ್ಟಿಯಾಗುತ್ತದೆ ಎಂದು ಅವಸರ ಮಾಡಿದರು. ಕೆಳಗೆ ಬಾಳೆಎಲೆಯ ಮೇಲೆ ಬಿಳಿ ಎಳೆಗಳು ಸುರುಳಿ ಸುರುಳಿಯಾಗಿ ಇಳಿದವು. ಅದರ ಮೇಲೆ ಮೀನಿನ ರಸ ಬಿಟ್ಟು, ಒಂದು ತುಂಡು ಇಟ್ಟು ನನ್ನ ಮುಂದೆ ಜರುಗಿಸಿದರು. ನಮ್ಮ ಮನೆಯ ಮೀನುಸಾರು ಕೆಂಪಗೆ, ಕಣ್ಣಲ್ಲಿ ನೀರು ತರಿಸುವಂಥದ್ದು. ಇದು ಬೆಳ್ಳಗೆ, ಮೆತ್ತಗೆ, ಬಾಯಲ್ಲಿ ಇದ್ದೂ ಇಲ್ಲದ ಹಾಗೆ. ನಾನು ನಾಲ್ಕು ಸಲ ಹಾಕಿಸಿಕೊಂಡೆ. ಅವರು ಉಣ್ಣುವುದು ಬಿಟ್ಟು ನನ್ನನ್ನು ನೋಡುತ್ತಿದ್ದರು. ಅವರ ಮಗಳು ಹೀಗೆಯೇ ಉಣ್ಣುತ್ತಾಳಂತೆ. ಮಗಳು ಇದ್ದಾಳೆಂದು ನನಗೆ ಗೊತ್ತಾದದ್ದು ಅವತ್ತೇ.

ಬೆಳಿಗ್ಗೆ ಅವ್ವ ಕೂಗಿದ್ದು ಕೇಳಿ ಎದ್ದೆ. ತಟ್ಟೆಗಳ ಮೇಲೆ ಹುಳ ತಲೆ ಎತ್ತಿ ಎತ್ತಿ ಆಡಿಸುತ್ತಿದ್ದವು, ಹಸಿರು ನೀರು ಕಾರುತ್ತಿದ್ದವು. ಕೆಲವು ಆಗಲೇ ಮುದುಡಿ ಕುಳ್ಳಗಾಗಿದ್ದವು. ನನಗೆ ಏನೂ ಹೊಳೆಯಲಿಲ್ಲ. ಕೋಣೆಗೆ ಬಂದು ಕಂಬಳಿ ಎತ್ತಿದೆ. ಸೊಪ್ಪಿನ ಚೂರುಗಳ ಜೊತೆ ಬೆಳ್ಳನೆಯ ಪುಡಿ ಎದ್ದಿತು. ಆಗ ತಿಳಿಯಿತು. ಕಂಬಳಿಯನ್ನು ತೆಗೆದುಕೊಂಡು ಹೋಗಿ ಬಾವಿಯ ಹತ್ತಿರ ಒಗೆದು ಹಾಕಿದೆ. ಯಾರೂ ಹೇಳದೆ ನಾನು ಬಟ್ಟೆ ಒಗೆದದ್ದು ಅದೇ ಮೊದಲು. ಆ ಗಲಾಟೆಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ಅಪ್ಪ ಹನೂರಿನಿಂದ ಚಂದ್ರಿಕೆ ಹೇರಿದ ಗಾಡಿ ಹೊಡೆದುಕೊಂಡು ಬಂದಾಗ ಒಂದು ತಟ್ಟೆಯಲ್ಲೂ ಜೀವ ಇರಲಿಲ್ಲ. ಎಲ್ಲವನ್ನೂ ಗೊಬ್ಬರದ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿಸಿದರು. ಅಷ್ಟರಲ್ಲಿ ಬೆಕ್ಕು ಕೊಟ್ಟಿಗೆಯ ಹತ್ತಿರ ಮೀನಿನ ತಲೆ ಎಳೆದು ತಂದಿತ್ತು. ಅವ್ವ ಅದನ್ನು ನೋಡಿ ನೆಲಕ್ಕೆ ಕೂತುಬಿಟ್ಟಳು.

"ನೀನೂ ಉಂಡಾ?" ಅಪ್ಪ ನನ್ನನ್ನು ಕೇಳಿದರು.

"ಅವ್ರೇ ಕರುದ್ರು. ಓದೆ."

ಇದು ಮೊದಲನೆಯ ಸುಳ್ಳು.

ಮೇಷ್ಟ್ರು ಅವ್ವ ಕೂಗುವ ಮೊದಲೇ ಸೈಕಲ್ಲು ಹತ್ತಿ ಹೋಗಿದ್ದವರು ಮಧ್ಯಾಹ್ನಕ್ಕೆ ಬಂದರು. ಅಂಗಳದಲ್ಲಿ ಏಳೆಂಟು ಜನ ಸೇರಿದ್ದರು. ಅಪ್ಪ ಕೂಗಾಡಲಿಲ್ಲ. "ಊರ್ಗೆಲ್ಲಾ ಬುದ್ಧಿ ಯೋಳೋರು ನೀವು. ನೀವೇ ಇಂಗ್ ಮಾಡುದ್ರೆ ನಾವ್ ಯಾರ್ನ ಕೇಳುಮ ಸಾ?" ಅಂದರು. ಮೇಷ್ಟ್ರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಖಾಲಿ ತಟ್ಟೆಗಳನ್ನು ನೋಡಿದರು. ಹುಳ ಎಲ್ಲಿ ಎಂದು ಕೇಳಿದರು. ಮುಚ್ಚಿಯಾಯಿತು ಎಂದು ಅಪ್ಪ ಅಂದರು. ಆಮೇಲೆ ಮೇಷ್ಟ್ರು ನೀರು ಕೇಳಿದರು. ಯಾರೂ ತರಲು ಏಳಲಿಲ್ಲ.

ಅವರು ನನ್ನನ್ನು ಕೊಟ್ಟಿಗೆಯ ಕಡೆಗೆ ಕರೆದರು. ಎಡಗೈ ಎತ್ತಿ ಬೆರಳು ಮಡಚುತ್ತಾ ತಮ್ಮಷ್ಟಕ್ಕೆ ಹೇಳಿಕೊಂಡರು: ಮೊಟ್ಟೆ ಇಲಾಖೆಯದ್ದು, ಪರೀಕ್ಷೆ ಆದದ್ದು. ಗಾಳಿ, ಶಾಖ, ನಿನ್ನೆ ಸಂಜೆ ತಾವೇ ನೋಡಿದ್ದು. ಕೈ ತೊಳೆಯದೆ ಯಾರೂ ಒಳಗೆ ಹೋಗಿಲ್ಲ. ಒಂದು ಬೆರಳು ಉಳಿಯಿತು.

"ಸೊಪ್ಪು ಚೆನ್ನಾಗಿತ್ತಾ?" ಎಂದು ಕೇಳಿದರು. ನನ್ನ ಕಣ್ಣನ್ನೇ ನೋಡುತ್ತಿದ್ದರು.

"ಚೆನ್ನಾಗಿತ್ತು ಸಾ. ಆರಿಸಿ ಹಾಕ್ದೆ."

ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆ ಬೆರಳನ್ನೂ ಮಡಚಿದರು. ಅಂಗಳಕ್ಕೆ ಹೋಗಿ, ನನ್ನ ಹೆಸರೆತ್ತದೆ, ಮೀನು ತಂದವನು ಯಾರೆಂದೂ ಹೇಳದೆ, ಅಪ್ಪನಿಗೆ ಕೈ ಮುಗಿದರು. "ತಪ್ಪು ನನ್ನದು ಗೌಡ್ರೇ. ಬೇಯಿಸಿದವ ನಾನು."

ಅಂದಿನಿಂದ ಅವರ ಬಾಳು ಕೆಟ್ಟಿತು ಎಂದರೆ ಹೆಚ್ಚಾದೀತು. ಸಂಬಳ ನಿಲ್ಲಲಿಲ್ಲ, ಕೆಲಸ ಹೋಗಲಿಲ್ಲ. ಮಾತು ಮಾತ್ರ ಅವರ ಸೈಕಲ್ಲಿಗಿಂತ ಮುಂದೆ ಓಡಿತು. ಮೀನು ಬೇಯಿಸಿ ಹುಳ ಕೊಂದವರು ಎಂದು ಹನೂರಿನವರೆಗೂ ಹೇಳಿಕೊಂಡರು. ಅವರು ಬಂದರೆ ಹುಳದ ಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದರು. ಮರ್ಯಾದೆ ತಪ್ಪದೆ, ಹೊರಗೆ ಚಾಪೆ ಹಾಕಿ ಕಾಫಿ ಕೊಟ್ಟು ಕಳಿಸುತ್ತಿದ್ದರು. ಕೈ ತೊಳೆದು ಆರಿಸಿಕೊಂಡು ಹೊಸ್ತಿಲಲ್ಲಿ ನಿಂತವರನ್ನು ಯಾರೂ ಒಳಗೆ ಕರೆಯಲಿಲ್ಲ. ನಾಲ್ಕು ತಿಂಗಳು ಹೀಗೆ ನಡೆದ ಮೇಲೆ ಅವರನ್ನು ಕೊಳ್ಳೇಗಾಲದ ಕಚೇರಿಯಲ್ಲಿ ಮೇಜಿನ ಮುಂದೆ ಕೂರಿಸಿದರು. ನಿವೃತ್ತಿಯಾಗುವವರೆಗೆ ಅವರು ಮತ್ತೆ ಹುಳ ಮುಟ್ಟಲಿಲ್ಲ. ತಾಯಿ ತೀರಿಕೊಂಡ ಮೇಲೆ ಹೆಂಡತಿ ಮಗಳು ಕೊಳ್ಳೇಗಾಲಕ್ಕೇ ಬಂದರು.

ನನಗೆ ಅದೇ ಇಲಾಖೆಯಲ್ಲಿ ಕೆಲಸ ಸಿಕ್ಕಿದ್ದು ಅವರು ಬರೆದುಕೊಟ್ಟ ಕಾಗದದಿಂದ. ಕಾಗದ ಬರೆದದ್ದು ಹುಳ ಸತ್ತ ಮೇಲೆ, ಮೊದಲಲ್ಲ. ನಾನು ರಾಮಾಪುರದ ಕಡೆಯನ್ನೇ ಕೇಳಿ ಹಾಕಿಸಿಕೊಂಡೆ, ಕೊಳ್ಳೇಗಾಲದಿಂದ ದೂರ. ಕೆಲಸದಲ್ಲಿ ಕಲಿಯುತ್ತಾ ಹೋದ ಹಾಗೆ ಹುಳ ತಲೆ ಆಡಿಸಿ ಹಸಿರು ಕಾರುವುದು ವಿಷದಿಂದ ಎಂದು ಪೂರ್ತಿ ಖಚಿತವಾಯಿತು. ಅದರೊಂದಿಗೆ ನನಗೊಂದು ಸಮಾಧಾನವೂ ಸಿಕ್ಕಿತು. ಇಷ್ಟು ತಿಳಿದ ಮನುಷ್ಯನಿಗೆ ಅವತ್ತೇ ಗೊತ್ತಾಗಿತ್ತು. ಸೊಪ್ಪು ಚೆನ್ನಾಗಿತ್ತಾ ಎಂದು ನನ್ನ ಕಣ್ಣು ನೋಡಿ ಕೇಳಿದ್ದು ಅದಕ್ಕೇ. ಗೊತ್ತಿದ್ದೂ ನನ್ನನ್ನು ಉಳಿಸಿದರು, ದೊಡ್ಡ ಮನುಷ್ಯರು. ಹೀಗೆ ಅಂದುಕೊಂಡು ಹತ್ತು ಹನ್ನೆರಡು ವರ್ಷ ನೆಮ್ಮದಿಯಾಗಿ ಉಂಡೆ, ಮದುವೆಯಾದೆ, ಮಕ್ಕಳಾದವು. ಒಮ್ಮೆ ಯಳಂದೂರಿನ ಕಡೆ ಅಗರದಲ್ಲಿ ಒಬ್ಬ ಹೆಂಗಸು, ಕಾಮಗೆರೆ ಹತ್ತಿರ ಯಾರೋ ಸಾಹೇಬ್ರು ಮೀನು ಬೇಯಿಸಿ ಹುಳ ಕೊಂದ್ರಂತೆ, ನಿಮ್ಮ ಕಡೆಯಂತಲ್ಲ, ನಿಜವಾ ಸಾ ಎಂದು ಕೇಳಿದಳು. ನಿಜ ಅಂದೆ. ಅವರೇ ಒಪ್ಪಿಕೊಂಡು ಸುಮ್ಮನಿರುವಾಗ ನಾನು ಯಾಕೆ ಬಿಚ್ಚಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಅವರು ತೀರಿಕೊಂಡದ್ದು ಎಪ್ಪತ್ತರ ನಂತರ. ಸುದ್ದಿ ತಡವಾಗಿ ತಿಳಿಯಿತು. ಹದಿಮೂರನೆಯ ದಿನ ಕಳೆದ ಮೇಲೆ ಕೊಳ್ಳೇಗಾಲದ ಅವರ ಮನೆಗೆ ಹೋದೆ. ಅವರ ಹೆಂಡತಿಯ ಮುಂದೆ ಕೂತು, ನಿಮ್ಮ ಯಜಮಾನರು ನನಗೆ ಮಾಡಿದ ಉಪಕಾರ ಯಾರೂ ಮಾಡಲಾರರು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಾನು ಯಾರೆಂದು ಹೇಳಿದ ಕೂಡಲೇ ಆಕೆಗೆ ಗುರುತು ಸಿಕ್ಕಿತು.

"ಓ, ಆ ಗೌಡ್ರ ಮಗ. ನಿಮ್ಮ ಸುದ್ದಿ ಹೇಳ್ತಾ ಇದ್ದರು. ಆ ಮನೆಯ ಹುಳ ಕೊಂದೆ ನಾನು ಅಂತ ಅವರಿಗೆ ಕಡೇವರೆಗೂ ಇತ್ತು. ಇಲ್ಲಿಗೆ ಬಂದ ಮೇಲೆ ಮೀನು ಮಾಡಿದರೆ ಮುಟ್ಟುತ್ತಿರಲಿಲ್ಲ. ವಾಸನೆಗೆ ಹುಳ ಸಾಯುದಿಲ್ಲ ಅಂತ ಕಚೇರಿಯವರೇ ಹೇಳಿದರಲ್ಲ, ಬಿಡಿ ಅಂದರೆ ಕೇಳುದಿಲ್ಲ. ಬೆರಳು ಮಡಚಿ ಲೆಕ್ಕ ಹಾಕುದು. ಮೊಟ್ಟೆ ಸರಿ ಇತ್ತು, ಗಾಳಿ ಸರಿ ಇತ್ತು, ಸೊಪ್ಪೂ ಸರಿ ಇತ್ತಂತೆ, ಹುಡುಗನನ್ನು ಕೇಳಿದ್ದೇನೆ, ಆ ಹುಡುಗ ಸುಳ್ಳು ಹೇಳುದಿಲ್ಲ. ಮತ್ತೆ ಉಳಿದದ್ದು ನನ್ನ ಮೀನೇ ಅಲ್ಲವಾ ಅಂತ."

ಅವರಿಗೆ ಗೊತ್ತಿರಲಿಲ್ಲ. ಗೊಬ್ಬರದ ಗುಂಡಿಯಲ್ಲಿ ಹುಳ ಮುಚ್ಚಿದ ಮೇಲೆ ಬಂದವರಿಗೆ ಗೊತ್ತಾಗಲು ಇದ್ದ ದಾರಿ ಒಂದೇ, ನನ್ನ ಬಾಯಿ. ಅವರು ನನ್ನನ್ನು ಪರೀಕ್ಷೆ ಮಾಡಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದರು. ಹೇಳಿದ್ದನ್ನು ನಂಬಿದ್ದರು.

ಆಕೆಯ ಮುಂದೆ ಎಲ್ಲವನ್ನೂ ಹೇಳಿದೆ. ಡಬ್ಬಿ, ಕಂಬಳಿ, ಮೀನು ತಂದದ್ದು, ಒತ್ತಾಯಿಸಿದ್ದು. ಆಕೆ ಅಳಲಿಲ್ಲ. ಒಳಗೆ ಮಗಳು ಏನೋ ಕೆಲಸ ಮಾಡುತ್ತಿದ್ದಳು. ಅವಳಿಗೆ ಕೇಳಿಸದಿರಲೆಂದು ಬಾಗಿಲು ಸ್ವಲ್ಪ ಮುಂದೆ ಮಾಡಿದರು.

"ಈ ಊರಿನಿಂದ ರಾಮಾಪುರಕ್ಕೆ ಬಸ್ಸು ಉಂಟಲ್ಲ?" ಅಂದರು.

"ಉಂಟು," ಅಂದೆ. ಅವರ ಮಾತೇ ನನ್ನ ಬಾಯಿಗೆ ಬಂತು.

"ಮತ್ತೆ ಇಷ್ಟು ವರ್ಷ ಒಂದು ದಿನ ಬರ್ಲಿಕ್ಕೆ ಆಗಲಿಲ್ಲವಾ?"

ಆಮೇಲೆ ಆಕೆಯೇ, ನನಗೆ ಹೇಳಿದರೆ ಏನು ಬಂತು, ಓದಿದವರು ನೀವು, ನಾಲ್ಕು ಜನ ಓದುವ ಹಾಗೆ ಬರೆಯಿರಿ ಅಂದರು. ಬರೆಯುತ್ತೇನೆ ಎಂದು ಕೈ ಮುಗಿದು ಎದ್ದೆ.

ಆಮೇಲೂ ಆಕೆ ಬಹಳ ವರ್ಷ ಬದುಕಿದ್ದರು. ಆಗೊಮ್ಮೆ ಈಗೊಮ್ಮೆ ಕೊಳ್ಳೇಗಾಲದ ಬೀದಿಯಲ್ಲಿ ಎದುರಾಗುತ್ತಿದ್ದರು; ಚೆನ್ನಾಗಿದ್ದೀರಾ ಎಂದು ಕೇಳುತ್ತಿದ್ದರು, ಬರೆದಿರಾ ಎಂದು ಒಮ್ಮೆಯೂ ಕೇಳಲಿಲ್ಲ. ನಮ್ಮಪ್ಪ ಇದ್ದರು, ಅವರು ಹೋಗಲಿ ಎಂದು ಕಾದೆ. ಅಪ್ಪ ಹೋದ ಮೇಲೆ ಕೆಲಸ ಇತ್ತು, ನಿವೃತ್ತಿಯಾಗಲಿ ಎಂದು ಕಾದೆ. ನಿವೃತ್ತಿಯಾದ ಮೇಲೆ ಕಾಯಲು ಕಾರಣ ಇರಲಿಲ್ಲ, ಆದರೂ ಕಾದೆ. ಈಗ ಆಕೆಯೂ ಇಲ್ಲ. ಓದಬೇಕಾಗಿದ್ದವರು ಯಾರೂ ಉಳಿಯದ ಮೇಲೆ ಬರೆದಿದ್ದೇನೆ.